ಸಾದಲಿಯಿಂದ ಆಫ್ರಿಕಾಕ್ಕೆ, ಹುಳ ಹಣ್ಣಾದ ಮೇಲೆ

ನಮ್ಮ ಭಾವ ಇದುವರೆಗೆ ಒಂಬತ್ತು ದೇಶ ಸುತ್ತಿದ್ದಾರೆ. ಸುಳ್ಳಲ್ಲ! ಯಾವ ಊರಿನ ಯಾವ ಬೀದಿಯಲ್ಲಿ ಬೆಳಗಿನ ತಿಂಡಿ ಚೆನ್ನಾಗಿರುತ್ತದೆ, ಯಾವ ಕಾಡಿನಲ್ಲಿ ಜೀಪಿನ ಯಾವ ಪಕ್ಕ ಕೂತರೆ ಬಿಸಿಲು ಬೀಳುವುದಿಲ್ಲ, ಯಾವ ಕೆರೆಗೆ ಎಷ್ಟು ಹೊತ್ತಿಗೆ ಆನೆಗಳು ಇಳಿಯುತ್ತವೆ, ಎಲ್ಲ ಬಾಯಿಪಾಠ. ಸಣ್ಣದೊಂದು ಕೊರತೆ ಏನೆಂದರೆ, ಈ ಒಂಬತ್ತು ದೇಶಗಳನ್ನೂ ಅವರು ಸುತ್ತಿದ್ದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ ಕೂತು! ವಿಮಾನ ನಿಲ್ದಾಣ ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಬೆಂಗಳೂರಿನ ಎಷ್ಟೋ ಜನ ಅದನ್ನು ತಲುಪಲು ಇದಕ್ಕಿಂತ ಹೆಚ್ಚು ಹೊತ್ತು ಒದ್ದಾಡುತ್ತಾರೆ. ನಮ್ಮ ಭಾವ ಮಾತ್ರ ಅಲ್ಲಿಗೂ ಹೋದದ್ದು ನೆಂಟರನ್ನು ಬಿಟ್ಟುಬರಲು, ಅಷ್ಟೇ.

ನಾನು ಅವರ ಹೆಂಡತಿಯ ತಂಗಿ. ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮೇಡಂ. ಭಾವನನ್ನು ಆಡಿಕೊಳ್ಳುವುದು ನಾದಿನಿಯ ಜನ್ಮಸಿದ್ಧ ಹಕ್ಕಲ್ಲವೆ? ನಾನು ಆ ಹಕ್ಕನ್ನು ಒಂದು ದಿನವೂ ಸುಮ್ಮನೆ ಬಿಟ್ಟವಳಲ್ಲ.

ಈ ವಿದೇಶ ಯಾತ್ರೆಯ ಹುಚ್ಚು ಹತ್ತಿದ್ದು ನಮ್ಮಕ್ಕನಿಂದ. ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ವರ್ಷಪೂರ್ತಿ ಒಂದು ಬೆಳೆ ಮುಗಿಯಿತೆಂದರೆ ಇನ್ನೊಂದು. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಹುಳದ ಮನೆಯ ಹತ್ತಿರ ಒಗ್ಗರಣೆ ಘಾಟು ಸುಳಿಯಬಾರದು, ಪೌಡರ್ ಬಳಿದುಕೊಂಡು ಹೋಗಬಾರದು, ಬೀಡಿ ಹೊಗೆಯಂತೂ ಕೂಡದೇ ಕೂಡದು. ಬಾಣಂತಿ ಮನೆಗಿಂತ ಕಟ್ಟುನಿಟ್ಟು! ಹೀಗಾಗಿ ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಅಕ್ಕ ಹೊರಗೆ ಎಲ್ಲೂ ಎರಡು ರಾತ್ರಿ ತಂಗಿದ್ದಿಲ್ಲ. ತವರಿಗೆ ಬಂದರೂ ಕೈಚೀಲ ಕೆಳಗಿಡುವ ಮೊದಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಳು.

ಹಾಗೆಂದು ಅವಳು ಮೂಲೆಯಲ್ಲಿ ಮುದುರಿ ಕೂರುವ ಹೆಂಗಸಲ್ಲ. ಹಿಪ್ಪುನೇರಳೆ ತೋಟದಲ್ಲಿ ಹಾವು ಕಂಡರೆ ಗಂಡಾಳುಗಳು ಓಡಿಬರುವುದು ಅಕ್ಕನನ್ನು ಕರೆಯಲಿಕ್ಕೆ. ಅವಳು ಸೆರಗು ಸಿಕ್ಕಿಸಿಕೊಂಡು, ಒಂದು ಕೋಲಿನಲ್ಲಿ ಅದನ್ನು ಎತ್ತಿ ಬೇಲಿಯಾಚೆ ಬಿಟ್ಟು, ಒಳಗೆ ಬಂದು ಒಲೆಯ ಮೇಲಿದ್ದ ಸಾರಿಗೆ ಉಪ್ಪು ಹಾಕುತ್ತಾಳೆ. ಸುತ್ತ ನಾಲ್ಕು ಹಳ್ಳಿಯಲ್ಲಿ ಅವಳ ಧೈರ್ಯಕ್ಕೆ ಹೆಸರಿದೆ.

ಇಂಥ ಅಕ್ಕ ಒಂದು ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ, ಕೈ ತೊಳೆದು ಟಿವಿ ಮುಂದೆ ಕೂತಿದ್ದಳು. ಬಯಲಿನಲ್ಲಿ ಜಿರಾಫೆಗಳ ಹಿಂಡು ಓಡುತ್ತಿತ್ತು. "ಅಯ್ಯೋ ನೋಡ್ರೀ, ಎಷ್ಟು ನಿಧಾನವಾಗಿ ಓಡ್ತವೆ! ಸಾಯೋದರೊಳಗೆ ಇದನ್ನೊಂದು ಸಲ ಕಣ್ಣಾರೆ ನೋಡ್ಬೇಕು" ಎಂದಳು. "ಮೈಸೂರು ಝೂನಲ್ಲಿ ಐತಲ್ಲ" ಎಂದರು ಭಾವ. "ಅಲ್ಲಿ ನಿಂತಿರ್ತವೆ. ನಂಗೆ ಓಡೋ ಜಿರಾಫೆ ಬೇಕು" ಎಂದಳು ಅಕ್ಕ. "ಹೋಗಣ ಬಿಡು" ಎಂದರು ಭಾವ. ಇದು ನಾಲ್ಕು ವರ್ಷದ ಹಿಂದಿನ ಮಾತು!

ಮರುದಿನವೇ ಹಳೆಯ ಕ್ಯಾಲೆಂಡರುಗಳ ಬೆನ್ನ ಮೇಲೆ ಯೋಜನೆ ಶುರುವಾಯಿತು. ನೇರವಾಗಿ ಆಫ್ರಿಕಾಕ್ಕೆ ನುಗ್ಗಬಾರದಂತೆ. ಮೊದಲು ಹತ್ತಿರದ ಒಂದೆರಡು ದೇಶಗಳಲ್ಲಿ ಓಡಾಡಿ ರೂಢಿ ಮಾಡಿಕೊಳ್ಳಬೇಕಂತೆ. ಮೊದಲು ಥಾಯ್ಲೆಂಡ್, ಅಲ್ಲಿಂದ ವಿಯೆಟ್ನಾಂ. ಕಾಡು, ಪ್ರಾಣಿ, ಊಟ, ಮೂರೂ ಇರಬೇಕು. "ಹೋದ ಊರಲ್ಲಿ ಆ ಊರಿನ ಊಟಾನೇ ಮಾಡ್ಬೇಕು ಕಣಮ್ಮ. ಪುಳಿಯೋಗರೆ ಪುಡಿ ಕಟ್ಕೊಂಡು ಹೋಗೋ ಜನ ನಾವಲ್ಲ" ಎಂದು ನನಗೆ ಉಪದೇಶ ಮಾಡಿದರು. ಸರಿ, ಆ ಊರಿನ ಊಟ ಯಾವುದೆಂದು ಮೊಬೈಲಿನಲ್ಲಿ ನೋಡುತ್ತಾ ಕೂತರು. ಬೀದಿಬದಿಯ ಬಾಣಲೆ ಒಂದು ಕಾಣಿಸಿತು. ಅದರಲ್ಲಿ ಚಟಪಟ ಅನ್ನುತ್ತಾ ಏನೋ ಹುರಿಯುತ್ತಿತ್ತು. ಭಾವ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಗೂಡಿನ ಒಳಗಿರುವ ನಮ್ಮ ರೇಷ್ಮೆ ಹುಳ!

"ಅಯ್ಯಯ್ಯೋ! ಇದನ್ನ ತಿಂತಾರಾ? ನಾವು ಮಕ್ಕಳ ಥರ ಸಾಕೋದನ್ನ ಅವರು ಉಪ್ಪು ಖಾರ ಹಾಕಿ ಹುರೀತಾರಾ? ಆ ದೇಶಕ್ಕೆ ನಾವು ಕಾಲಿಡೋದಾ?"

ನಾನು ಸುಮ್ಮನಿರುತ್ತೇನೆಯೆ? "ಅಲ್ಲ ಭಾವ, ನೀವು ಮಕ್ಕಳ ಥರ ಸಾಕಿ ಮಾರ್ಕೆಟ್ಟಿಗೆ ಹಾಕ್ತೀರಲ್ಲ, ತಗೊಂಡೋರು ಕುದಿಯೋ ನೀರಿಗೆ ಹಾಕಿ ನೂಲು ತೆಗೀತಾರಲ್ಲ, ಅದೇನು ಎಣ್ಣೆಸ್ನಾನಾನಾ?" ಎಂದೆ.

"ಅದು ಕಸುಬು ಕಣಮ್ಮ, ಇದು ಊಟ" ಎಂದವರೇ ಥಾಯ್ಲೆಂಡ್, ವಿಯೆಟ್ನಾಂ ಎರಡರ ಮೇಲೂ ಕೆಂಪು ಪೆನ್ನಿನಲ್ಲಿ ಗೀಟು ಎಳೆದರು. ನನ್ನ ಹತ್ತಿರ ಎರಡು ದಿನ ಮಾತಿಲ್ಲ.

ಆಮೇಲೆ ಪ್ರಾಣಿಗಳನ್ನು ನೋಡುವ ತಾಲೀಮು. ಒಂದು ದುರ್ಬೀನು ತರಿಸಿದರು. ದಿನಾ ಸಂಜೆ ಅದನ್ನು ಕೊರಳಿಗೆ ನೇತುಹಾಕಿಕೊಂಡು ಮನೆ ಮೇಲಿನ ನೀರಿನ ಟ್ಯಾಂಕು ಹತ್ತುವುದು, ಕಂಡ ಪ್ರಾಣಿಗಳನ್ನೆಲ್ಲ ಬರೆದಿಡುವುದು. ಮೊದಲ ದಿನದ ಪಟ್ಟಿಯನ್ನು ನಾನೇ ಓದಿದ್ದೇನೆ: ನವಿಲು ಮೂರು, ಮುಂಗುಸಿ ಒಂದು, ತೋಟದ ಹಿಂದೆ ಕೂತು ಬೀಡಿ ಸೇದುತ್ತಿದ್ದ ಸ್ವಂತ ತಮ್ಮ ಒಬ್ಬ! ಹುಳದ ಮನೆಗೆ ಇಪ್ಪತ್ತು ಮಾರು ದೂರದಲ್ಲಿ ಬೀಡಿ! ಟ್ಯಾಂಕಿನ ಮೇಲಿಂದಲೇ ಕೂಗಾಡಿದರಂತೆ. ಆ ತಮ್ಮ ಒಂದು ತಿಂಗಳು ಅಣ್ಣನ ಮನೆ ಕಡೆ ತಲೆ ಹಾಕಲಿಲ್ಲ. ಸಿಂಹವೊಂದು ಕಾಣುವ ಮೊದಲೇ ಭಾವನ ಸಫಾರಿಗೆ ಮೊದಲ ಬಲಿ ಬಿದ್ದಾಗಿತ್ತು.

ಇಷ್ಟೆಲ್ಲ ತಯಾರಿ ಆದ ಮೇಲೆ ಒಂದು ದಿನ ಚಿಕ್ಕಬಳ್ಳಾಪುರದ ಟ್ರಾವೆಲ್ಸ್ ಆಫೀಸಿಗೆ ಬಂದರು. ಜೊತೆಗೆ ನಾನೂ ಹೋದೆ. ಹೋಗಬಾರದಿತ್ತು.

"ಯಾವಾಗ ಹೊರಡ್ತೀರಾ ಸರ್?" ಎಂದರು ಅಲ್ಲಿನ ಮೇಡಂ.

"ಗೂಡು ಬಿಡಿಸಿದ ಮಾರನೇ ದಿನ."

"ಅಂದ್ರೆ ಯಾವ ತಾರೀಕು ಸರ್?"

"ಅದನ್ನ ಹುಳ ಹೇಳ್ಬೇಕು ಮೇಡಂ. ಈಗಿನ್ನೂ ಸಣ್ಣವು. ಬಿಸಿಲು ಚೆನ್ನಾಗಿದ್ರೆ ಬೇಗ ಹಣ್ಣಾಗ್ತವೆ. ಮೋಡ ಹಾಕ್ಕೊಂಡ್ರೆ ಎರಡು ದಿನ ಹಿಂದೆ ಮುಂದೆ."

ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದರೆ ನಮ್ಮ ಕಡೆ ಹಣ್ಣಾಯಿತು ಅನ್ನುತ್ತಾರೆ. ಗೂಡು ಮಾರಿದ ಮೇಲೆ ಹುಳದ ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಮುಚ್ಚುತ್ತಾರೆ. ಮುಂದಿನ ಬೆಳೆಯ ಮರಿಹುಳ ಬರಲು ಹದಿನೈದು ದಿನ ಬಿಡುವು. ಭಾವನ ಆಫ್ರಿಕಾ ಆ ಬಿಡುವಿನೊಳಗೆ ಹಿಡಿಸಬೇಕು. ಇದನ್ನೆಲ್ಲ ಅವರು ಆ ಮೇಡಂಗೆ ಬಿಡಿಸಿ ಬಿಡಿಸಿ ಹೇಳಿದರು. ಪಾಪ, ಅವರು ಬಹಳ ಸಮಾಧಾನದ ಹೆಂಗಸು.

"ವಿಮಾನ ಹಾಗೆಲ್ಲ ಕಾಯಲ್ಲ ಸರ್" ಎಂದರು ಕೊನೆಗೆ.

"ಹುಳಾನೂ ಕಾಯಲ್ಲ ಮೇಡಂ" ಎಂದರು ಭಾವ!

ಇನ್ನು ದಾರಿಯ ಕಥೆ. ಒಂದು ಕಡೆ ವಿಮಾನ ಬದಲಿಸಿದರೆ ಸಾಕು, ಕೀನ್ಯಾಕ್ಕೆ ಸಲೀಸಾಗಿ ಹೋಗಬಹುದು ಎಂದರು ಮೇಡಂ. ಭಾವನಿಗೆ ಅದು ಬೇಡ! ಮೊದಲು ಮಾಲ್ಡೀವ್ಸ್, ಅಲ್ಲಿ ಸಮುದ್ರ, ಬಣ್ಣದ ಮೀನು. ಆಮೇಲೆ ದುಬೈ, ಅಲ್ಲಿ ಒಂಟೆ, ಖರ್ಜೂರ. ಆಮೇಲೆ ಇಥಿಯೋಪಿಯಾ, ಅಲ್ಲಿ ಬೆಟ್ಟದ ಕೋತಿ, ಜೊತೆಗೆ ಹುಳಿ ಬಂದ ಹಿಟ್ಟಿನಲ್ಲಿ ಮಾಡಿದ ಮೊರದಗಲದ ದೋಸೆ. ಕಟ್ಟಕಡೆಗೆ ಕೀನ್ಯಾ, ಜಿರಾಫೆ. ಎಲ್ಲ ಕಡೆಯೂ ಇಳಿಯಬೇಕು, ಎಲ್ಲ ಕಡೆಯೂ ಒಂದೆರಡು ದಿನ ನಿಲ್ಲಬೇಕು.

"ನಮ್ಮ ಚಿಂತಾಮಣಿ ಬಸ್ಸೂ ಇಷ್ಟು ಕಡೆ ನಿಲ್ಸಲ್ಲ ಭಾವ!" ಎಂದೆ.

"ದಾರೀಲಿ ನೋಡ್ಕೊಂಡು ತಿನ್ಕೊಂಡು ಹೋಗೋದಪ್ಪ. ಕೀನ್ಯಾದಲ್ಲಿ ಏನು ತಿಂತಾರೆ ಗೊತ್ತಾ? ಮುದ್ದೆ! ಮುಸುಕಿನ ಜೋಳದ ಹಿಟ್ಟಿನ ಬಿಳೀ ಮುದ್ದೆ!"

"ಮುದ್ದೆ ತಿನ್ನೋಕೆ ನಾಲ್ಕು ವಿಮಾನ ಯಾಕೆ ಭಾವ? ಗೌರಿಬಿದನೂರಿನ ಯಾವ ಹೋಟ್ಲಿಗೆ ಹೋದ್ರೂ ಸಾರಿನ ಜೊತೆ ಕೊಡ್ತಾರೆ." ಟ್ರಾವೆಲ್ಸ್ ಮೇಡಂ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡರು.

ಇಷ್ಟಾದರೂ ಹೊರಟರೆ? ಉಹುಂ! ಮೂರು ಸಲ ಹೊರಡುವ ಮಾತಾಯಿತು. ಮೂರು ಸಲವೂ ಇನ್ನೇನು ಟಿಕೆಟ್ ಮಾಡಿಸಬೇಕು ಅನ್ನುವಾಗ ಭಾವ ಜಗಲಿಗೆ ಬಂದು ಹೊಸದೊಂದು ಘೋಷಣೆ ಮಾಡಿದರು. ಒಂದು ಸಲ ಹುಳ ತಡವಾಗಿ ಹಣ್ಣಾಯಿತಂತೆ. ಇನ್ನೊಂದು ಸಲ ಮರಿಹುಳ ಬೇಗ ಬಂತಂತೆ. ಮತ್ತೊಂದು ಸಲ ಸೊಪ್ಪಿಗೆ ಏನೋ ರೋಗವಂತೆ. ಪಕ್ಕದ ಮನೆಯ ರೆಡ್ಡಿಯವರಿಗೆ ದಿನಾ ಬೆಳಗ್ಗೆ ಬೇಲಿಯಾಚೆಯಿಂದ ವಿಮಾನ ಯಾವಾಗ ಎಂದು ತೆಲುಗಿನಲ್ಲಿ ಕೇಳುವುದೇ ಕೆಲಸವಾಯಿತು: "ಏಮಯ್ಯಾ, ವಿಮಾನಂ ಎಪ್ಪುಡು?" ಭಾವ ಹಲ್ಲು ಬಿಟ್ಟು, "ಈ ಪಂಟ ಕಾನೀ ಅಣ್ಣಾ" ಅನ್ನುವರು. ಈ ಬೆಳೆ ಒಂದು ಆಗಲಿ ಅಂತ! ಆ ಬೆಳೆ ಆಗಿ ಇನ್ನೆರಡು ಬೆಳೆ ಆಗಿರುತ್ತಿತ್ತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಿಗೆ ಐವತ್ತು ದಾಟಿದೆ. ಮಂಡಿ ಈಗಲೇ ಕಟಕಟ ಅನ್ನುತ್ತದೆ. ಇನ್ನು ನಾಲ್ಕು ವರ್ಷ ಬಿಟ್ಟು ಇವರು ಕರೆದುಕೊಂಡು ಹೋದರೆ ಅವಳು ಜೀಪು ಹತ್ತುವುದು ಹೇಗೆ? ಜೀವಮಾನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದೇ ಇದೊಂದು. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ: "ಮನಸ್ಸಿಲ್ಲ ಅಂದ್ರೆ ಇಲ್ಲ ಅಂತ ಹೇಳಿ ಭಾವ. ಆಸೆ ತೋರ್ಸಿ ತೋರ್ಸಿ ಅಕ್ಕನ್ನ ಯಾಕೆ ಗೋಳು ಹುಯ್ಕೋತೀರಾ?" ಅವರು ಆಗಲೂ ನಕ್ಕರು. ಅಕ್ಕ ಸೊಪ್ಪು ಕತ್ತರಿಸುತ್ತಾ ತಲೆ ಎತ್ತಲಿಲ್ಲ. ಪಾಪ, ನುಂಗಿಕೊಂಡು ಕೂತಿದ್ದಾಳೆ ಅಂದುಕೊಂಡೆ.

ಈ ಸಲ ನಾನೇ ಸೊಂಟ ಕಟ್ಟಿದೆ. ಟ್ರಾವೆಲ್ಸ್ ಆಫೀಸಿನಲ್ಲಿ ಭಾವನ ಪಕ್ಕ ಪೊಲೀಸಿನಂತೆ ನಿಂತು ಟಿಕೆಟ್ ಮಾಡಿಸಿದೆ. ಗೂಡು ಬಿಡಿಸಿ ಮಾರಿ ಮೂರು ದಿನಕ್ಕೆ ಪ್ರಯಾಣ, ಹುಳಕ್ಕೂ ವಿಮಾನಕ್ಕೂ ರಾಜಿ! ಹೊರಡುವ ದಿನ ಬೆಳಗ್ಗೆಯೇ ಸಾದಲಿಗೆ ಹೋದೆ. ಮನೆ ಮುಂದೆ ಕಾರು ನಿಂತಿತ್ತು, ಪೆಟ್ಟಿಗೆಗಳನ್ನೂ ಹತ್ತಿಸಿಯಾಗಿತ್ತು. ಭಾವನ ತಮ್ಮ, ಅವನ ಹೆಂಡತಿ, ರೆಡ್ಡಿಯವರು, ಬೀದಿಯ ಹತ್ತು ಹನ್ನೆರಡು ಜನ ಕಳಿಸಿಕೊಡಲು ಸೇರಿದ್ದರು. ಅಕ್ಕ ಇನ್ನೂ ಒಳಗೇ ಇದ್ದಳು.

ಆಗ ಭಾವ ಹೊರಗೆ ಬಂದರು. ಜಗಲಿ ಕಂಬ ಹಿಡಿದುಕೊಂಡು ನಿಂತರು.

"ಇವತ್ತು ಆಗಲ್ಲ ಕಣಪ್ಪ" ಎಂದರು. "ಈಗ್ತಾನೆ ಫೋನ್ ಬಂತು. ಮರಿಹುಳ ನಾಳೇನೇ ಕಳಿಸ್ತಾರಂತೆ."

ಭಾವನ ತಮ್ಮ ಕಿಸಕ್ಕೆಂದ. ರೆಡ್ಡಿಯವರು ಹೊಟ್ಟೆ ಹಿಡಿದುಕೊಂಡರು. ಬೀದಿಗೆ ಬೀದಿಯೇ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

"ನಾಚಿಕೆ ಆಗಲ್ವಾ ಭಾವ?" ಎಂದು ಕೂಗಿದೆ. "ಪಾಸ್‌ಪೋರ್ಟ್ ತಂದು ಹುಳಕ್ಕೇ ಹಾಕಿ, ಸೊಪ್ಪಿನ ಜೊತೆ ತಿಂದ್ಕೊಳ್ಲಿ! ಜಗಲಿ ಮೇಲೆ ದೇಶ ಸುತ್ತೋಕೆ ಎಷ್ಟು ಧೈರ್ಯ ನಿಮಗೆ! ನಿಜವಾಗಿ ಹೊರಡು ಅಂದ್ರೆ ಕೈಕಾಲು ಬಿದ್ದೋಗುತ್ತೆ. ನಿಮ್ಮಂಥ ಪುಕ್ಕಲನ್ನ ಕಟ್ಕೊಂಡಿದ್ದಕ್ಕೆ ನಮ್ಮಕ್ಕ ಒಂದು ಜಿರಾಫೆ ಕೂಡ ನೋಡ್ದೆ ಸಾಯ್ಬೇಕಾ?"

ನಗು ನಿಂತುಹೋಯಿತು. ಭಾವ ಕಂಬದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ, "ಮುಂದಿನ ಬೆಳೆಗೆ ಹೋಗಣ ಬಿಡಮ್ಮ" ಎಂದರು, ಮೆಲ್ಲಗೆ.

"ಯಾವ ಫೋನೂ ಬಂದಿಲ್ಲ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊಸ ಸೀರೆ, ಕಾಲಿಗೆ ಬಿಳೀ ಶೂ. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಹುಳ ಬರೋಕೆ ಇನ್ನೂ ಹನ್ನೆರಡು ದಿನ ಐತೆ. ಹೆದ್ರಿಕೆ ಇವರಿಗಲ್ಲ ಕಣೇ, ನಂಗೆ. ಮೇಲೆ ಹೋದ್ರೆ ಕೆಳಗೆ ನೆಲ ಇರಲ್ವಲ್ಲ, ಅದನ್ನ ನೆನೆಸ್ಕೊಂಡ್ರೇನೇ ಉಸಿರು ಕಟ್ಟುತ್ತೆ. ಮೂರು ಸಲಾನೂ ಆಗಲ್ಲ ಅಂದವಳು ನಾನು. ಈಗ ಒಳಗೆ ಕೂತು ಬರಲ್ಲ ಅಂತ ಅತ್ತವಳೂ ನಾನೇ. ಹಾವು ಹಿಡಿಯೋಳು ಇದಕ್ಕೆ ಹೆದರ್ತಾಳಾ ಅಂತ ಜನ ನಗ್ತಾರೆ ಅಂತ ಇವರು ಎಲ್ಲಾನೂ ತಮ್ಮ ಮೇಲೆ ಹಾಕ್ಕೊಂಡ್ರು. ದಾರೀಲಿ ಮೂರು ಕಡೆ ಇಳಿಯೋ ಹಾಗೆ ಮಾಡಿದ್ದೂ ನಂಗೋಸ್ಕರ. ಒಂದೇ ಸಲಕ್ಕೆ ಅಷ್ಟು ಹೊತ್ತು ತಡ್ಕೊಳ್ಳೋಕೆ ಆಗಲ್ಲ ಅಂದಿದ್ದೆ."

ರೆಡ್ಡಿಯವರು ಹೆಗಲ ಮೇಲಿನ ಟವೆಲ್ ತೆಗೆದು ಮಡಿಸತೊಡಗಿದರು.

"ಅದ್ಯಾಕೆ ಈಗ ಹೇಳೋಕೆ ಹೋದೆ ನೀನು?" ಎಂದು ಭಾವ ಗದರಿಕೊಂಡರು. "ಹುಳದ ಮೇಲೆ ಹಾಕಿದ್ರೆ ಮುಗೀತಿತ್ತು."

"ನಾಲ್ಕು ವರ್ಷ ಬೈಸ್ಕೊಂಡಿದ್ದು ಸಾಕು ನೀವು. ನಡೀರಿ ಹೋಗಣ. ನಾನು ಕಣ್ಣು ಮುಚ್ಕೊಂಡು ಕೂತ್ಕೋತೀನಿ. ನೆಲ ಬಂದಾಗ ಹೇಳಿ" ಎಂದಳು ಅಕ್ಕ. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋಗಿ ಕಾರಿನಲ್ಲಿ ಕೂತಳು. ಭಾವ ಹಿಂದೆಯೇ ಓಡಿ ಅವಳ ಪಕ್ಕದಲ್ಲಿ ಕೂತರು.

ನಾನು ಕಿಟಕಿಯ ಹತ್ತಿರ ಹೋಗಿ, "ಭಾವ, ತಪ್ಪಾಯ್ತು" ಎಂದೆ. ನಾಲ್ಕು ವರ್ಷ ಆಡಿದ ಒಂದೊಂದು ಮಾತೂ ನೆನಪಾಗಿ ನನಗೇ ನಾಚಿಕೆಯಾಗುತ್ತಿತ್ತು.

"ಸುಮ್ನಿರಮ್ಮ. ನೀನು ಅಷ್ಟು ಜೋರಾಗಿ ಬೈದೆ, ಅದಕ್ಕೇ ಎದ್ದು ಬಂದ್ಲು. ನನ್ನ ಕೈಲಿ ಆಗಿರಲಿಲ್ಲ" ಎಂದರು ಭಾವ, ಅಕ್ಕನಿಗೆ ಕೇಳಿಸದ ಹಾಗೆ.

ಅಕ್ಕ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲೇ ಇಲ್ಲ. ಎರಡೂ ಕೈಯಲ್ಲಿ ಭಾವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕಾರು ಇನ್ನೂ ಹೊರಟಿರಲಿಲ್ಲ.