ಬಲಮೂಲೆಯಲ್ಲಿ ನಿಂತವರು

ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ, ಅಮೆರಿಕದ ಮಾರಿಸ್‌ವಿಲ್. ಹಾಜರಿದ್ದವರು ನಾನು, ನನ್ನ ತಂಗಿ, ತಂಗಿಯ ಗಂಡ ಮತ್ತು ಅವರ ಚರ್ಮದ ಬೇಸ್‌ಬಾಲ್ ಗ್ಲೋವ್. ಗ್ಲೋವನ್ನು ಹಾಜರಿಗೆ ಸೇರಿಸಿದ್ದೇಕೆ ಅಂತೀರಾ? ಆ ಮನೆಯಲ್ಲಿ ಮೊದಲ ಎಣ್ಣೆಸ್ನಾನ ಅದಕ್ಕೇ! ಕೊಬ್ಬರಿ ಎಣ್ಣೆ ಸವರಿ, ಹೊಟ್ಟೆಯೊಳಗೆ ಚೆಂಡಿಟ್ಟು, ಬಟ್ಟೆ ಸುತ್ತಿ, ಹಾಸಿಗೆಯ ಕೆಳಗೆ ಮಲಗಿಸುತ್ತಾರೆ.

"ನನ್ನ ಬಾಣಂತನದಲ್ಲೂ ಇಷ್ಟು ಆರೈಕೆ ಮಾಡಿರಲಿಲ್ಲ ಕಣಕ್ಕಾ," ಎಂದು ತಂಗಿಯ ದೂರು.

ಈ ಮಹಾಶಯರು ಊರಿನ ವೀಕೆಂಡ್ ತಂಡದ ಹೆಸರಾಂತ ಆಟಗಾರರು. ಆದರೆ ಬ್ಯಾಟು ಹಿಡಿದರೆ ಸೊಳ್ಳೆಗೂ ಪೆಟ್ಟು ತಗುಲದು! ಕೀರ್ತಿಯೆಲ್ಲ ಬೇರೆಯವರು ಹೊಡೆದದ್ದನ್ನು ಹಿಡಿಯುವುದರಲ್ಲಿ. ನಲವತ್ತು ದಾಟಿದ ಅಮೆರಿಕನ್ನರೂ ಅವರನ್ನು 'ಅಂಕಲ್' ಎಂದೇ ಕರೆಯುತ್ತಾರೆ.

"ಹೊಡೆಯೋಕೆ ಎಲ್ಲರೂ ಇದಾರೆ ಅಕ್ಕ, ತಡೆಯೋಕೂ ಯಾರಾದ್ರೂ ಬೇಕಲ್ಲ!" ಎನ್ನುವುದು ಅವರ ಸಿದ್ಧಾಂತ.

ಅಂದು ಅವರ ಕೊನೆಯ ಪಂದ್ಯ. ಸೋಮವಾರ ಮೊಣಕಾಲಿನ ಆಪರೇಷನ್. ಆಮೇಲೆ ಓಡುವ ಮಾತೇ ಇಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅವರಿಗೆ ಬೇಕಾಗಿದ್ದು ಒಂದೇ: ಇನ್ನೊಂದು ಕ್ಯಾಚ್.

ಹಿಡಿಯುವ ಹುಚ್ಚು ಮೈದಾನದಲ್ಲಿ ಮಾತ್ರವೇ? ಅಡುಗೆಮನೆಯ ಕಟ್ಟೆಯಿಂದ ಜಾರಿದ ಲೋಟ ನೆಲ ಮುಟ್ಟಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಒಗ್ಗರಣೆ ಸೌಟು ನನ್ನ ಕೈ ಜಾರಿತು. ಹಿಡಿದೇಬಿಟ್ಟರು, ಬಿಸಿ ತುದಿಯನ್ನು! "ಔಟ್!" ಎಂದು ಕೂಗಿದ್ದು ಹುಮ್ಮಸ್ಸಿಗೋ ಉರಿಗೋ, ಇಂದಿಗೂ ತಿಳಿಯದು.

ಮೈಸೂರಿನಲ್ಲಿ ಕ್ರಿಕೆಟ್ ಆಡಿದ ಕೈ ಅದು. ತಂಡಕ್ಕೆ ಸೇರಿದ ಹೊಸತರಲ್ಲಿ ಹಿಂದಕ್ಕೆ ಓಡಿ, ಹಾರಿ, ಅದ್ಭುತವಾದ ಕ್ಯಾಚ್ ಹಿಡಿದರು. ಚೆಂಡನ್ನು ಆಕಾಶಕ್ಕೆಸೆದು ಕುಣಿದರು! ಕ್ರಿಕೆಟ್ಟಿನಲ್ಲಿ ಹಿಡಿದರೆ ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಹೊಡೆದವನು ಔಟಾದರೂ, ಆಗಲೇ ಮೂರನೆಯ ಬೇಸಿನಲ್ಲಿ, ಓಟದ ಕೊನೆಯ ತಂಗುದಾಣದಲ್ಲಿ, ನಿಂತಿದ್ದವನು ಕ್ಯಾಚಾದ ಮೇಲೆ ಓಡಿ ರನ್ ಗಳಿಸಬಹುದಂತೆ. ಅವನು ಓಡಿದ. ಇವರು ಕುಣಿಯುತ್ತಲೇ ಇದ್ದರು. ಪಂದ್ಯ ಹೋಯಿತು!

"ಹೋಗ್ಲಿ, ಕ್ಯಾಚ್ ಹೇಗಿತ್ತು ಅಕ್ಕ?" ಎಂದರು ಆಮೇಲೆ.

ಇನ್ನೊಂದು ವಿಚಿತ್ರವಿದೆ. ಬೇಸುಗಳ ಬಳಿ ನಿಂತ ಒಳಗಿನವರು ಒಬ್ಬರಿಗೊಬ್ಬರು ಚೆಂಡು ಎಸೆದಾಗಲೆಲ್ಲ, ಕೈತಪ್ಪಿದರೆ ಇರಲಿ ಎಂದು ಇವರು ಮೈದಾನದ ಬಲಮೂಲೆಯ ತಮ್ಮ ಜಾಗದಿಂದ ಚೆಂಡು ಹಿಡಿಯುವವನ ಹಿಂದಕ್ಕೆ ಓಡಿ ಬರುತ್ತಾರೆ. ತಪ್ಪುವುದೇ ಅಪರೂಪ. ಬರಿಗೈಯಲ್ಲಿ ವಾಪಸು.

"ಬರದೇ ಇರೋ ಚೆಂಡಿಗೆ ಯಾಕ್ರೀ ಸುಮ್ನೆ ಓಡ್ತೀರ?" ಎಂದು ತಂಗಿ ಕೇಳಿದ್ದಳು.

"ಹಿಂದೆ ನಾನಿದೀನಿ ಅಂತಾನೇ ಅವರು ಧೈರ್ಯವಾಗಿ ಎಸೀತಾರೆ ಕಣೇ."



ಶನಿವಾರದ ಆಟ ಶುರುವಾಯಿತು. ಬಲಮೂಲೆಯ ಕಡೆಗೆ ಒಂದು ಚೆಂಡೂ ಮೇಲೇಳಲಿಲ್ಲ. ಆದರೂ ಒಳಗಿನವರ ಪ್ರತಿ ಎಸೆತಕ್ಕೂ ಇವರು ಕುಂಟುತ್ತ ಓಡಿದರು. ತಂಡ ಗೆದ್ದಿತು. ಎಲ್ಲರೂ ಬಂದು ತಬ್ಬಿಕೊಂಡರು, ಕೈ ಕುಲುಕಿದರು, ಕಾರು ಹತ್ತಿದರು. ಇವರು ಮಾತ್ರ ತಮ್ಮ ಮೂಲೆಗೆ ಹಿಂತಿರುಗಿ ಸುಮ್ಮನೆ ನಿಂತರು.

"ಬಿಸಿಲು ಕಣಕ್ಕಾ, ನಡಿ ಹೋಗೋಣ," ಎಂದಿದ್ದ ತಂಗಿ, ಇದ್ದಕ್ಕಿದ್ದಂತೆ ಅವರ ಬ್ಯಾಗಿನಿಂದ ಚೆಂಡು ತೆಗೆದು, ಸೆರಗು ಸಿಕ್ಕಿಸಿ ಮೈದಾನಕ್ಕಿಳಿದಳು.

"ರೀ, ಅಲ್ಲೇ ನಿಂತ್ಕೊಳ್ಳಿ! ಎಸೀತೀನಿ."

"ನಿಂಗೆಲ್ಲಿ ಎಸೆಯೋಕೆ ಬರುತ್ತೆ?"

"ನಿಮಗೆ ಹಿಡಿಯೋಕೆ ಬರುತ್ತಲ್ಲ, ಸಾಕು!"

ಎಸೆದಳು. ಚೆಂಡು ನೆಟ್ಟಗೆ ಮೇಲಕ್ಕೆ ಹೋಯಿತು, ದೂರಕ್ಕೆ ಹೋಗಲೇ ಇಲ್ಲ. ಆ ಕಾಲಿನಲ್ಲೇ ಅವರು ಓಡಿ ಬಂದರು. ಹುಲ್ಲಿನ ಮೇಲೆ ಮೊಣಕಾಲೂರಿ ಜಾರಿ, ಅವಳ ಪಾದದ ಪಕ್ಕದಲ್ಲೇ ಹಿಡಿದರು. ಏಳಲಾಗಲಿಲ್ಲ. ತಂಗಿ ಅಲ್ಲೇ ಅವರ ಪಕ್ಕ ಕುಳಿತಳು.  ನಾನು ಕೈಲಿದ್ದ ಕಾರಿನ ಕೀಲಿಯನ್ನು ಮತ್ತೆ ನನ್ನ ಬ್ಯಾಗಿಗೆ ಹಾಕಿದೆ.

ಸಂಜೆ ಅವರ ಪ್ಯಾಂಟನ್ನು ಸೋಪು ಹಚ್ಚಿ ತಿಕ್ಕಿದೆ. ಮೊಣಕಾಲಿನ ಹಸಿರು ಕಲೆ ಪೂರ್ತಿ ಹೋಗಲಿಲ್ಲ.

"ಬಿಡಕ್ಕಾ, ಇರಲಿ," ಎಂದಳು ತಂಗಿ.

ಹಿಂಡಿ, ಒಣಗಲು ಹಾಕಿದೆ.