ಜಡಿಗೇನಹಳ್ಳಿ ಕೆರೆಯ ಒಂದೇ ಮೀನು

ಪಿಳ್ಳಣ್ಣ ದಿನಾ ಕೆರೆಯ ತೂಬಿನ ಬಳಿ ಕೂತು ನೀರಿಗೆ ರಾಗಿಮುದ್ದೆ ಎಸೆಯುತ್ತಿದ್ದದ್ದೇ ಎಲ್ಲಕ್ಕೂ ಕಾರಣ. ತಾನು ಸಾಕಿದ ಒಂದೇ ಒಂದು ಕಾಟ್ಲ ಮೀನು ಸೊಂಟದೆತ್ತರ ಬೆಳೆದಿದೆ ಎಂದು ಅವನು ಹೇಳಿದರೆ ಜಡಿಗೇನಹಳ್ಳಿಗೆ ಜಡಿಗೇನಹಳ್ಳಿಯೇ ನಗುತ್ತಿತ್ತು.

"ನಿನ್ ಮೀನಿಗೆ ಮೀಸೆ ಬಂತಾ, ಪಿಳ್ಳಣ್ಣ?" ಎಂದು ಡೇರಿ ಕಾರ್ಯದರ್ಶಿ ರಾಮಾಂಜಿನಪ್ಪ ಹಾಲು ಅಳೆಯುವಾಗೆಲ್ಲ ಕೆಣಕುತ್ತಿದ್ದ. ಮೀನಿನ ಹೆಸರಲ್ಲಿ ಮುದ್ದೆ ತಿನ್ನುವವನು ಗಂಡನೇ ಎಂದು ಹೆಂಡತಿ ಪಾಪಕ್ಕನ ಗುಮಾನಿ.

ಅಷ್ಟರಲ್ಲಿ ಪಿಳ್ಳಣ್ಣನ ತಂಗಿಯ ಮಗಳು ಹರ್ಷಿತ ರಜೆಗೆ ಬಂದಳು. ಸಮುದ್ರದ ಮೀನು ಎಣಿಸುವ ಹಡಗಿನಲ್ಲಿ ಅವಳ ಕೆಲಸ.

"ಎಣಿಸೋದಾ? ಸಾಲಾಗಿ ನಿಲ್ಸಿ ಹಾಜರಿ ಕರೀತೀರೇನೆ?" ಎಂದಳು ಪಾಪಕ್ಕ.

"ನೀರೊಳಕ್ಕೆ ಶಬ್ದ ಬಿಡ್ತೀವಿ ಅತ್ತೆ. ಅದು ಮೀನಿಗೆ ತಾಕಿ ವಾಪಸ್ ಬರುತ್ತೆ. ಒಂದ್ಸಲ ಒಂದೇ ಹಿಂಡು, ಇಲ್ಲಿಂದ ಹೊಸಕೋಟೆವರೆಗೂ ಇತ್ತು! ಹೊತ್ತು ಮುಳುಗ್ತಿದ್ದಂಗೆ ಪೂರ್ತಿ ಹಿಂಡು ಆಳದಿಂದ ಮೇಲಕ್ಕೆದ್ದು ಬಂತು. ಸಮುದ್ರದ ತಳವೇ ಎದ್ದು ಬಂದಂಗೆ."

ಒಲೆಯ ಮೇಲೆ ಸಾರು ಉಕ್ಕಿದ್ದೂ ಪಾಪಕ್ಕನಿಗೆ ತಿಳಿಯಲಿಲ್ಲ.

"ಯಾವ ಮೀನು ಅಂತ ತಿಳಿಯೋಕೆ ಅಲ್ಲಲ್ಲಿ ಒಂದೊಂದು ಪಟ್ಟಿಯಷ್ಟು ಜಾಗದಲ್ಲಿ ಬಲೆ ಎಳೀತೀವಿ. ಸಿಕ್ಕಿದ್ದರ ಮೇಲೆ ಉಳಿದಿದ್ದರ ಅಂದಾಜು."

"ಅನ್ನ ಬೆಂತಾ ಅಂತ ಒಂದಗುಳು ಹಿಸುಕಿದಂಗೆ!" ಎಂದಳು ಪಾಪಕ್ಕ.

ಪಿಳ್ಳಣ್ಣ ಹುಡುಗಿಯ ಕೈ ಹಿಡಿದುಕೊಂಡ. "ನನ್ ಮೀನನ್ನ ಊರಿಗೆ ಒಂದ್ಸಲ ತೋರ್ಸವ್ವಾ. ಆಮೇಲೆ ನೀರಿಗೇ ಬಿಟ್ಬಿಡಾಣ. ನಂಬಿದ್ರೆ ಸಾಕು."

ಮಾರನೆಯ ಬೆಳಿಗ್ಗೆ ಹರ್ಷಿತ ತನ್ನ ಬಳಿಯಿದ್ದ, ಶಬ್ದ ಬಿಟ್ಟು ಮೀನು ಹುಡುಕುವ ಪುಟ್ಟ ಯಂತ್ರವನ್ನು ತೆಪ್ಪಕ್ಕೆ ಕಟ್ಟಿದಳು. ಕೆರೆ ಏರಿಯ ಮೇಲೆ ಊರೇ ನೆರೆದಿತ್ತು.

"ಯಂತ್ರ ಕೇಳಿಸ್ಕೊಳ್ತಾ ಐತೆ, ಸುಮ್ನಿರ್ರೋ!" ಎಂದು ತೆಪ್ಪದ ಮೇಲೆ ನಿಂತು ಪಿಳ್ಳಣ್ಣ ಅರಚಿದ ರಭಸಕ್ಕೆ ಕೊಕ್ಕರೆಗಳು ಹಾರಿಹೋದವು, ತೆಪ್ಪ ವಾಲಿತು, ಅವನು ಅಕ್ಕಿಮೂಟೆಯ ಹಾಗೆ ನೀರಿಗೆ ಬಿದ್ದ. ಯಂತ್ರ ಕೀ ಎಂದಿತು.

"ಬಂತು, ದೊಡ್ಡದು!" ಎಂದ ನೀರೊಳಗಿಂದಲೇ.

"ಮಾವ, ಅದು ನೀವೇ," ಎಂದಳು ಹರ್ಷಿತ. ಏರಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಆದರೆ ತೂಬಿನ ಹತ್ತಿರ, ಯಂತ್ರದ ಪರದೆಯ ಮೇಲೆ, ದೊಡ್ಡ ಮೀನಿನ ಗುರುತಾದ ಕೆಂಪು ಕಮಾನೊಂದು ನಿಧಾನವಾಗಿ ಮೂಡಿತು. ಅಲ್ಲೇ ಒಂದು ಪಟ್ಟಿಯಷ್ಟು ಜಾಗದಲ್ಲಿ ಬಲೆ ಎಳೆದರು.

ನೀರು ಸೀಳಿಕೊಂಡು ಅದು ಮೇಲೆ ಬಂತು. ನಗುತ್ತಿದ್ದ ಬಾಯಿಗಳು ತೆರೆದೇ ಉಳಿದವು. ಬೆಳಗಿದ ಹರಿವಾಣದಂಥ ಮೈ, ಬಿಸಿಲು ಬಿದ್ದಲ್ಲೆಲ್ಲ ಮಿಂಚು. ಕೂಸು ಎತ್ತಿಕೊಂಡಿದ್ದ ಹೆಂಗಸರು ತಾವಾಗಿ ಕೈ ಮುಗಿದರು. ಮೀನು ಪಿಳ್ಳಣ್ಣನತ್ತ ಬಾಯಿ ತೆರೆಯಿತು. ಅವನು ಕಣ್ಣೊರೆಸಿಕೊಂಡು, ಚೂರು ಮುದ್ದೆ ಇಟ್ಟು, ಬಲೆ ಬಿಡಿಸಿದ.

ರಾಮಾಂಜಿನಪ್ಪ ಮೊದಲು ಚೇತರಿಸಿಕೊಂಡ. "ಚೂರು ಹಾಲಲ್ಲಿ ಇಡೀ ಕ್ಯಾನಿನ ಫ್ಯಾಟ್ ತಿಳಿಯಲ್ವಾ? ಒಂದು ಪಟ್ಟೀಲಿ ಒಂದು. ಕೆರೇಲಿ ಇಂಥ ಪಟ್ಟಿ ಮುನ್ನೂರಾದ್ರೂ ಅವೆ. ಅಂದ್ರೆ ಮುನ್ನೂರು ಮೀನು!"

"ಹಂಗಲ್ಲಣ್ಣ, ಅದು ಇರೋ ಜಾಗ ನೋಡ್ಕೊಂಡೇ ಎಳೆದಿದ್ದು..." ಹರ್ಷಿತಳ ಮಾತು ಗದ್ದಲದಲ್ಲಿ ಮುಳುಗಿತು.

"ಇರೋದೊಂದೇ ಕಣ್ರೋ!" ಎಂದು ಪಿಳ್ಳಣ್ಣ ಕೂಗಿದ.

"ಇಷ್ಟು ವರ್ಷ ಒಂದೇ ಒಂದೇ ಅಂತ ಊರಿಗೇ ಸುಳ್ಳು ಹೇಳ್ದಲ್ಲೋ!" ಎಂದ ರಾಮಾಂಜಿನಪ್ಪ.

ಸಂಜೆಗೆ ಏರಿಯುದ್ದಕ್ಕೂ ಗಾಳಗಳು. ಪಿಳ್ಳಣ್ಣ ಎಲ್ಲರ ಮುಂದೆ ಆಣೆ ಇಟ್ಟು ಸೋತು, ಹೆಂಡತಿಯಾದರೂ ನಂಬಲಿ ಎಂದು ಮನೆಗೆ ಬಂದ. ಪಾಪಕ್ಕ ಮದುವೆ ಮನೆಯ ಹಂಡೆಯಲ್ಲಿ ಮುದ್ದೆ ತೊಳಸುತ್ತಿದ್ದಳು.

"ನಿಮ್ಮನ್ನ ಅನುಮಾನಿಸಿದ್ದು ತಪ್ಪಾಯ್ತು ಕಣ್ರೀ," ಎಂದಳು ಬೆವರೊರೆಸಿಕೊಂಡು. "ಹೊಟ್ಟೆ ತುಂಬಿದ್ರೆ ಅವು ಗಾಳದ ಕಡೆ ತಿರುಗೂ ನೋಡಲ್ಲ. ಮೊದ್ಲು ನೂರು ಮುದ್ದೆ ಹೊತ್ಕೊಂಡು ಹೋಗಿ. ಇನ್ನೂರು ತಿರುವಿಡ್ತೀನಿ."