ಕುಪ್ಪುಸ್ವಾಮಿಯ ಸೊಟ್ಟ ಬಾಯಿ, ರಾಸಾತ್ತಿಯ ಪ್ರಾಣ

ಶುಕ್ರವಾರ ಬೆಳಗ್ಗೆ ಕುಪ್ಪುಸ್ವಾಮಿಗೆ ಸಿಳ್ಳೆ ಹೊಡೆಯಲು ಬರಲಿಲ್ಲ. ಆದದ್ದು ಇಷ್ಟೇ. ಊರೇ ಎದ್ದು ಕುಣಿಯಲು ಅಷ್ಟು ಸಾಕಾಯಿತು.

ಕೆ.ಜಿ.ಎಫ್.ನ ಕೋರಮಂಡಲ್ ಲೈನ್ ಮನೆಯ ತಗಡಿನ ಮೇಲಿರುವ ತನ್ನ ಪಾರಿವಾಳಗಳನ್ನು ಅವನು ದಿನಾ ಸಿಳ್ಳೆ ಹೊಡೆದೇ ಕಾಳಿಗೆ ಕರೆಯುವುದು. ಆ ದಿನ ತುಟಿ ಚಾಚಿ ಊದಿದರೆ ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತು. ಸೈಕಲ್ ಶಾಪ್ ಇಟ್ಟವನಿಗೆ ಆ ಸದ್ದು ಗೊತ್ತಿಲ್ಲದೇನಲ್ಲ. ಇನ್ನೊಮ್ಮೆ ಊದಿದ. ಬಾಯಿ ಎಡಕ್ಕೆ ಎಳೆದುಕೊಂಡಿತು. ಬಲಗೈಯಲ್ಲಿದ್ದ ಕಾಳಿನ ಡಬ್ಬಿ ತಾನಾಗಿಯೇ ಜಾರಿ ಬಿತ್ತು.

ಪಕ್ಕದ ಮನೆಯ ಅಮ್ಮಾಜಮ್ಮ ರಂಗೋಲಿ ಬಿಟ್ಟು ತಲೆ ಎತ್ತಿದಳು.

"ಅಯ್ಯಯ್ಯೋ, ಕುಪ್ಪುಸಾಮಿಗೆ ಲಕ್ವ ಒಡೀತು! ಬನ್ರಪ್ಪೋ!"

ಲೈನ್ ಮನೆಗಳಲ್ಲಿ ಒಬ್ಬರು ಕೂಗಿದರೆ ಇಪ್ಪತ್ತು ಬಾಗಿಲು ತೆರೆಯುತ್ತವೆ. ಆದರೆ ಜನ ಸೇರುವ ಹೊತ್ತಿಗೆ ಬಾಯಿ ನೆಟ್ಟಗಾಗಿತ್ತು, ಕೈಗೂ ಬಲ ಬಂದಿತ್ತು. ತನಗೇನೂ ಆಗಿಲ್ಲವೆಂದು ತೋರಿಸಲು ಕುಪ್ಪುಸ್ವಾಮಿ ಜೋರಾಗಿ ಒಂದು ಸಿಳ್ಳೆ ಹೊಡೆದ. ಅದೇ ಅವನು ಮಾಡಿದ ತಪ್ಪು. ಅವನ ಮುದ್ದಿನ ಪಾರಿವಾಳ ರಾಸಾತ್ತಿ ಹಾರಿ ಬಂದು ಎಲ್ಲರ ಕಣ್ಣೆದುರಿಗೇ ಅವನ ಭುಜದ ಮೇಲೆ ಕೂತಳು.

"ನಮ್ಮ ಮಾವಂಗೂ ಇಂಗೇ ಆಗಿತ್ತು," ಎಂದ ಎದುರು ಮನೆಯ ಚಲಪತಿ, ಪಾರಿವಾಳವನ್ನೇ ನೋಡುತ್ತಾ. "ಪಾರಿವಾಳ ಕುಯ್ದು ಬಿಸಿ ರಕ್ತ ತಿಕ್ಕಿದ್ರು. ಎದ್ದು ಓಡಾಡ್ಬುಟ್ಟ."

"ನಂಗೇನೂ ಆಗಿಲ್ಲ ಕಣ್ಲಾ! ನೋಡು, ನಗ್ತೀನಿ!" ಕುಪ್ಪುಸ್ವಾಮಿ ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿದ. ಎರಡೂ ಕೈ ಮೇಲೆತ್ತಿದ. ಅಪ್ಪ, ತಾತ, ಮುತ್ತಾತನ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಈಗ ಸರಿಯಾದ್ರೇನಾಯ್ತು? ಬಂದೋಗಿದ್ದು ತಿರ್ಗಾ ಬತ್ತದೆ," ಎಂದಳು ಅಮ್ಮಾಜಮ್ಮ. "ಎಲ್ಲಕ್ಕಿಂತ ಗಟ್ಟಿ ಪಾರಿವಾಳ ಯಾವ್ದೋ ಅದ್ರ ರಕ್ತಾನೇ ಆಗ್ಬೇಕು. ಸಂಜಿಗೆ ಕುಯ್ಯಾನ."

ಗಟ್ಟಿ ಪಾರಿವಾಳವೆಂದರೆ ರಾಸಾತ್ತಿಯೇ. ಭಾನುವಾರದ ಪಾರಿವಾಳ ರೇಸಿಗೆ ಕುಪ್ಪುಸ್ವಾಮಿ ನೆಚ್ಚಿಕೊಂಡಿದ್ದದ್ದು ಅವಳೊಬ್ಬಳನ್ನೇ. ಆಂಧ್ರದ ಯಾವ ಮೂಲೆಯಲ್ಲಿ ಬಿಟ್ಟರೂ ಮೋಡ ಸೀಳಿಕೊಂಡು ಮನೆಗೆ ಬರುವವಳು. ಇವಳನ್ನು ಸಾಕುವ ಭರದಲ್ಲಿ ಅವನು ಮದುವೆಯಾಗುವುದನ್ನೇ ಮರೆತಿದ್ದ. ಇನ್ನು ಇವಳ ಕುತ್ತಿಗೆಗೆ ಕತ್ತಿ ಇಡಲು ಬಿಟ್ಟಾನೆಯೆ?

ಜನ ತಿಂಡಿಗೆ ಹೋದದ್ದೇ ತಡ, ರಾಸಾತ್ತಿಯನ್ನು ವೈರ್ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಹೊದಿಸಿ ರೈಲು ಹತ್ತಿದ. ಬಂಗಾರಪೇಟೆಯಲ್ಲಿ ತಂಗಿ ಇಂದ್ರಾಣಿ ಇದ್ದಳು. ಭಾನುವಾರದವರೆಗೆ ಪಾರಿವಾಳವನ್ನು ಅವಳ ಮನೆಯಲ್ಲಿ ಬಚ್ಚಿಡುವುದು ಅವನ ಲೆಕ್ಕಾಚಾರ.

ನಡೆದದ್ದನ್ನೆಲ್ಲ ಕೇಳಿ ಇಂದ್ರಾಣಿಯ ಕಣ್ಣು ತುಂಬಿತು. "ಬಾಯಿ ಸೊಟ್ಟಗಾಯ್ತಾ ಅಣ್ಣಾ? ದೇವ್ರು ದೊಡ್ಡವ್ನು, ಪಾರಿವಾಳಾನೂ ಜೊತೇಲೇ ತಂದಿದ್ದೀಯ! ಏನ್ರೀ, ಕತ್ತಿ ಎಲ್ಲಿಟ್ರಿ?"

ಒಳಗಿನಿಂದ ಅವಳ ಗಂಡ ಆದಿನಾರಾಯಣ ಬಂದ. "ರಕ್ತ ಭಾವಂಗೆ. ಮಿಕ್ಕಿದ್ದನ್ನ ಪೆಪ್ಪರ್ ಫ್ರೈ ಮಾಡಾನಾ?"

ಕುಪ್ಪುಸ್ವಾಮಿ ಬುಟ್ಟಿಯನ್ನು ಎದೆಗವಚಿಕೊಂಡ. "ಡಾಕ್ಟ್ರು ಬ್ಯಾಡ ಅಂದ್ರೆ ಬುಡ್ತೀಯಾ?"

"ಡಾಕ್ಟ್ರೇ ಏಳಿದ್ರೆ ಬುಡ್ತೀನಿ," ಎಂದಳು ಇಂದ್ರಾಣಿ.

ಸೂಜಿ ಎಂದರೆ ಹೆದರಿ ಹುಟ್ಟಿದಾಗಿನಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದ ಮನುಷ್ಯ ಅಂದು ಬುಟ್ಟಿ ಹಿಡಿದು ಆಸ್ಪತ್ರೆಗೆ ಓಡಿದ. ಹಿಂದೆ ತಂಗಿ, ಅವಳ ಹಿಂದೆ ಭಾವಮೈದ.

ಡಾಕ್ಟರ್ ಸುಮಲತ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ನೋಡಿ, ಮತ್ತೊಮ್ಮೆ ಸುತ್ತಿ ನೋಡಿದರು.

"ಬಾಯಿ ಸೊಟ್ಟಗಿದ್ದದ್ದು ಎಷ್ಟು ಹೊತ್ತು?"

"ಒಂದು ಬೀಡಿ ಸೇದೋ ಅಷ್ಟೊತ್ತು ಮೇಡಂ."

"ಓಹೋ, ಬೀಡಿ ಬೇರೆ ಇದೆಯಾ?"

"ಅದಿರ್ಲಿ ಮೇಡಂ, ಪಾರಿವಾಳದ ರಕ್ತ ತಿಕ್ಕಿದ್ರೆ..."

"ಯಾವ ಹಕ್ಕಿಯ ರಕ್ತವೂ ಬೇಡ. ಅದರಿಂದ ಏನೂ ಪ್ರಯೋಜನ ಇಲ್ಲ."

ಕುಪ್ಪುಸ್ವಾಮಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಕೇಳಿಸ್ಕಂಡಾ ಇಂದ್ರಾಣಿ? ನಡಿ ಮನೆಗೆ!"

"ಕೂತ್ಕೊಳ್ರೀ!" ಎಂದು ಗದರಿದರು ಡಾಕ್ಟರ್. "ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು ಹೋಗಿತ್ತು. ತಾನಾಗಿ ಸರಿಹೋಯ್ತು ಅಂತ ಮನೆಗೆ ಹೋದವರೇ ನಾಳೆ ನಾಡಿದ್ದು ಪೂರ್ತಿ ಲಕ್ವ ಹೊಡೆದು ಬರೋದು. ಬೆಳಗ್ಗೆ ಆದದ್ದು ಮುನ್ಸೂಚನೆ. ಈಗಲೇ ಕೋಲಾರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕು."

ಆಂಬುಲೆನ್ಸ್ ಬಂತು. ಡ್ರೈವರ್ ಬುಟ್ಟಿ ನೋಡಿ ಕೈ ಅಡ್ಡ ಹಿಡಿದ. ತಂಗಿಯ ಕೈಗೆ ಕೊಡೋಣವೆಂದರೆ ಆದಿನಾರಾಯಣ ಆಗಲೇ ಬುಟ್ಟಿಯ ಮೇಲೆ ಪ್ರೀತಿಯಿಂದ ಕೈಯಾಡಿಸುತ್ತಿದ್ದ. ಕುಪ್ಪುಸ್ವಾಮಿ ಅಮ್ಮಾಜಮ್ಮನಿಗೆ ಫೋನ್ ಹಚ್ಚಿ ಗೋಗರೆದ.

"ಅಕ್ಕಾ, ರಕ್ತ ಬ್ಯಾಡ ಅಂತ ಡಾಕ್ಟ್ರಮ್ಮನೇ ಏಳವ್ರೆ. ರಾಸಾತ್ತೀನ ಬುಡ್ತಾ ಇವ್ನಿ, ಮನೆಗೆ ಬತ್ತಾಳೆ. ನಿನ್ನ ಕಾಲಿಗೆ ಬೀಳ್ತೀನಿ, ಕುಯ್ಯಬ್ಯಾಡ!"

"ಆಯ್ತು ಬುಡಪ್ಪ, ಮಕ್ಕಳಾಣೆಗೂ ಕುಯ್ಯಲ್ಲ," ಎಂದಳು ಅವಳು.

ರಾಸಾತ್ತಿ ಆಸ್ಪತ್ರೆಯ ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಕೆ.ಜಿ.ಎಫ್. ದಿಕ್ಕಿಗೆ ಹಾರಿದಳು. ಅವಳು ಕಣ್ಮರೆಯಾಗುವವರೆಗೂ ಕುಪ್ಪುಸ್ವಾಮಿ ಆಂಬುಲೆನ್ಸ್ ಹತ್ತಲಿಲ್ಲ.

ಕೋಲಾರದಲ್ಲಿ ಸ್ಕ್ಯಾನ್ ಆಯಿತು. ಮೆದುಳಿಗೆ ಪೆಟ್ಟಾಗಿಲ್ಲವೆಂದರು. ರಕ್ತ ಹೆಪ್ಪುಗಟ್ಟದಿರಲು ಒಂದು ಮಾತ್ರೆ, ಬಿಪಿಗೆ ಒಂದು, ಕೊಬ್ಬಿಗೆ ಒಂದು, ಒಂದು ದಿನವೂ ತಪ್ಪಿಸುವಂತಿಲ್ಲ. ಉಪ್ಪು ಕಮ್ಮಿ, ಉಪ್ಪಿನಕಾಯಿ ಇಲ್ಲ, ಬೀಡಿಯ ಹೆಸರೆತ್ತುವಂತಿಲ್ಲ. ಬಾಯಿ ಮತ್ತೆ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಬಿದ್ದರೆ ಆ ಕ್ಷಣವೇ ಆಸ್ಪತ್ರೆ. ಕುಪ್ಪುಸ್ವಾಮಿ ಎಲ್ಲಕ್ಕೂ ಕತ್ತು ಆಡಿಸಿದ. ರಾಸಾತ್ತಿ ಬದುಕಿದಳಲ್ಲ, ಬೀಡಿ ಹೋದರೆ ಹೋಗಲಿ!

ಶನಿವಾರ ಸಂಜೆ ಡಿಸ್ಚಾರ್ಜ್ ಆಗಿ ಬಂದರೆ ಅವನ ಮನೆ ಮುಂದಿನಿಂದ ಬೀದಿಯ ತಿರುವಿನವರೆಗೂ ಜನ ನಿಂತಿದ್ದರು. ಯಾರೋ ತೀರಿಕೊಂಡರೇನೋ ಎಂದುಕೊಂಡ. ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದ.

ನಡುಮನೆಯ ಮಣೆಯ ಮೇಲೆ ರಾಸಾತ್ತಿ ಕೂತಿದ್ದಳು. ತಲೆಗೆ ಅರಿಶಿನ ಕುಂಕುಮ, ಕೊರಳಿಗೆ ಕನಕಾಂಬರ, ಮುಂದೆ ತುಪ್ಪ ಸುರಿಯುವ ಸಿಹಿ ಪೊಂಗಲ್. ಅಮ್ಮಾಜಮ್ಮ ಅವಳನ್ನೆತ್ತಿ ಒಬ್ಬ ಮುದುಕನ ತಲೆಯ ಸುತ್ತ ನೀವಾಳಿಸುತ್ತಿದ್ದಳು.

"ಬಂದ್ಯಾ ಕುಪ್ಪುಸಾಮಿ! ಈ ಮಾತಾಯಿ ಬಂದು ತಗಡಿನ್ ಮ್ಯಾಲೆ ಕೂತ್ಲು, ಆ ಗಳಿಗೇಗೇ ನಿಂಗೆ ಏನೂ ಇಲ್ಲ ಅಂತ ಕೋಲಾರದಿಂದ ಫೋನ್ ಬಂತು. ನಿನ್ನ ಲಕ್ವಾನೆಲ್ಲ ತಾನೇ ಒತ್ಕೊಂಡು ಬಂದವಳೆ! ಇಂಥೋಳ್ನ ಕುಯ್ಯಾಕಾದೀತಾ?"

ಕುಪ್ಪುಸ್ವಾಮಿ ರಾಸಾತ್ತಿಯನ್ನು ಕೈಗೆ ತಗೊಂಡ. ಇಟ್ಟಿಗೆಯಷ್ಟು ಭಾರವಾಗಿದ್ದಳು. ಒಮ್ಮೆ ಮೇಲಕ್ಕೆ ಹಾರಿಸಿದ. ರೆಕ್ಕೆ ಬಡಿಯುವ ಗೋಜಿಗೂ ಹೋಗದೆ ಮಣೆಯ ಮೇಲೇ ಬಿದ್ದು, ತುಪ್ಪದ ತೇಗು ತೇಗಿ ಕಣ್ಣು ಮುಚ್ಚಿದಳು.

"ಅಕ್ಕಾ, ನಾಳೆ ರೇಸೈತಲ್ಲಕ್ಕಾ!" ಎಂದ, ಅಳುವುದೊಂದೇ ಬಾಕಿ.

"ನಾಳೇನಾ? ತಲೆ ಸರೀಗೈತಾ ನಿಂಗೆ? ನಾಳೆ ಭಾನುವಾರ, ಮಾಲೂರಿಂದೆಲ್ಲ ಜನ ಬತ್ತವ್ರೆ!"

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದವನೊಬ್ಬ ರೇಗಿದ. "ಯಾರ್ರೀ ಅದು, ಮಧ್ಯದಲ್ಲಿ ನುಗ್ಗಿರೋದು? ಸಾಲಲ್ಲಿ ನಿಂತಿರೋ ನಾವೇನು ಕಣ್ಣಿಗೆ ಕಾಣಲ್ವಾ?"

"ಸರಿಯಾಗಿ ಏಳಿದ್ರಿ," ಎಂದಳು ಅಮ್ಮಾಜಮ್ಮ. "ಓಗಪ್ಪ, ಲೈನಲ್ಲಿ ಬಾ. ನಿಂಗೂ ನೀವಾಳಿಸ್ತೀನಿ."

ಕುಪ್ಪುಸ್ವಾಮಿ ಮಾತ್ರೆಯ ಪೊಟ್ಟಣ ಹಿಡಿದುಕೊಂಡು ತನ್ನ ಮನೆಯಿಂದ ಹೊರಗೆ ಬಂದು, ಸಾಲಿನ ಕೊನೆ ಎಲ್ಲಿದೆಯೆಂದು ಕೇಳುತ್ತಾ ಬೀದಿಯ ತಿರುವಿನ ಕಡೆ ನಡೆದ.